ತಜ್ಞರ ಟೀಮ್ ಮತ್ತು ನೂರರಲ್ಲಿ ಎಂಟು ದಿನ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳಿವೆ. ಒಂದು ಸೀಸನ್‌ಗೆ ಪ್ರತಿ ತಂಡಕ್ಕೂ 162 ಪಂದ್ಯ, ಒಟ್ಟು 2,430. ಐಪಿಎಲ್‌ನ 74 ಪಂದ್ಯ ಮುಗಿಯುವಷ್ಟರಲ್ಲೇ ನಮಗೆ ಸುಸ್ತು! ಅಲ್ಲಿ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನಾ ಆಟ. ಹಾಗಾಗಿ ‘ಡೈಲಿ ಫ್ಯಾಂಟಸಿ’ ಎಂಬ ಸಂತೆಯೂ ದಿನಾ ನಡೆಯುತ್ತದೆ.

ಡ್ರೀಮ್ ಇಲೆವೆನ್ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಅಲ್ಲಿನ ಡ್ರಾಫ್ಟ್‌ಕಿಂಗ್ಸ್ ಎಂಬ ಆ್ಯಪ್‌ನಲ್ಲಿ ನಿಮಗೆ 50,000 ಡಾಲರ್ ಕೊಡುತ್ತಾರೆ, ಕಾಲ್ಪನಿಕ ದುಡ್ಡು. ಅಷ್ಟರೊಳಗೆ ಇಬ್ಬರು ಪಿಚರ್, ಎಂಟು ಬ್ಯಾಟರ್‌ಗಳನ್ನು ಕೊಳ್ಳಬೇಕು. ಆ ರಾತ್ರಿ ಅವರು ನಿಜವಾಗಿ ಆಡಿದ್ದಕ್ಕೆ ತಕ್ಕಂತೆ ಅಂಕ. ಹೋಮ್ ರನ್ ಹೊಡೆದರೆ 10, ಬೇಸ್ ಕದ್ದರೆ 5, ಹೀಗೆ. ಪ್ರವೇಶ ಶುಲ್ಕ ಮಾತ್ರ ಅಸಲಿ ಡಾಲರ್. ಬೆಳಿಗ್ಗೆ ಎದ್ದರೆ ಮತ್ತೆ ಹೊಸ ಟೀಮ್. ಇದರ ಪಕ್ಕದಲ್ಲೇ ಇನ್ನೊಂದು ವ್ಯಾಪಾರ ಬೆಳೆದಿದೆ. ‘ಇವತ್ತು ಯಾರನ್ನು ಹಾಕಬೇಕು’ ಎಂದು ಹೇಳುವ ಪರಿಣತರು, ಪಾಡ್‌ಕಾಸ್ಟ್‌ಗಳು, ತಿಂಗಳ ಚಂದಾ ಕಟ್ಟಿಸಿಕೊಂಡು ಪಟ್ಟಿ ಕಳಿಸುವವರು.

ಈ ಪಟ್ಟಿಗಳಿಗೆ ಎಷ್ಟು ಬೆಲೆ ಎಂಬುದು ನನ್ನನ್ನು ಬಹಳ ದಿನದಿಂದ ಕಾಡುತ್ತಿದ್ದ ಪ್ರಶ್ನೆ. ಕಾರಣ ನಮ್ಮ ಹಾಸ್ಟೆಲ್. ಐಪಿಎಲ್ ಸಮಯದಲ್ಲಿ ಸಂಜೆ ಏಳಾದರೆ ಕಾರಿಡಾರ್ ತುಂಬಾ ಒಂದೇ ಮಾತು, ‘ಮಗಾ, ಇವತ್ತಿನ ಟೀಮ್ ಬಂತಾ?’ ಪಕ್ಕದ ರೂಮಿನ ಗೆಳೆಯ ಮೆಸ್ ಬಿಲ್‌ಗೆಂದು ಮನೆಯಿಂದ ಬಂದ ದುಡ್ಡಿನಲ್ಲಿ ಒಂದು ಗುಂಪಿಗೆ ‘ಪ್ರೈಮ್ ಟೀಮ್’ ಚಂದಾ ಕಟ್ಟಿದ್ದ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದ ಮೇಲೆ ಇಲ್ಲಿ ದುಡ್ಡು ಕಟ್ಟಿ ಆಡುವುದಕ್ಕೆ ತೆರೆ ಬಿತ್ತು. ಆದರೆ ಗೆಳೆಯನ ನಂಬಿಕೆಗೆ ತೆರೆ ಬಿದ್ದಿಲ್ಲ. ‘ಆ ಅಣ್ಣ ಎಕ್ಸ್‌ಪರ್ಟ್ ಕಣೋ, ನಮ್ಮ ಲಕ್ ಸರಿ ಇರಲಿಲ್ಲ ಅಷ್ಟೇ’ ಎನ್ನುತ್ತಾನೆ.

ಇದನ್ನು ಪರೀಕ್ಷಿಸಲು ಕ್ರಿಕೆಟ್‌ಗಿಂತ ಬೇಸ್‌ಬಾಲ್ ವಾಸಿ. ಅಲ್ಲಿ ಪ್ರತಿ ಎಸೆತದ ಅಂಕಿಅಂಶವೂ ಪುಕ್ಕಟೆ ಸಿಗುತ್ತದೆ. ಬೇಕಾದ ಗಣಿತವೂ ಹೆಚ್ಚಿನದಲ್ಲ, ಎಕ್ಸಾಮ್‌ಗೆ ಓದಿ ಮರೆಯುವ ಬೈನೋಮಿಯಲ್ ಡಿಸ್ಟ್ರಿಬ್ಯೂಷನ್ ಸಾಕು.

ಚೆಂಡು ಹೊಡೆದು ಸುರಕ್ಷಿತವಾಗಿ ಬೇಸ್ ತಲುಪಿದರೆ ಅದು ‘ಹಿಟ್’. ಹತ್ತು ಪ್ರಯತ್ನಕ್ಕೆ ಮೂರು ಹಿಟ್ ಹೊಡೆಯುವವನು ಅಲ್ಲಿ ಸ್ಟಾರ್. ಎರಡೂವರೆ ಹೊಡೆಯುವವನು ಸಾಧಾರಣ ಆಟಗಾರ. ಒಂದು ಪಂದ್ಯದಲ್ಲಿ ಒಬ್ಬನಿಗೆ ಸುಮಾರು ನಾಲ್ಕು ಅವಕಾಶ ಸಿಗುತ್ತವೆ ಎಂದಿಟ್ಟುಕೊಳ್ಳಿ. ಸ್ಟಾರ್ ನಾಲ್ಕರಲ್ಲೂ ವಿಫಲನಾಗುವ ಸಂಭವ 0.7ರ ನಾಲ್ಕನೇ ಘಾತ, ಅಂದರೆ 24 ಪರ್ಸೆಂಟ್. ಸಾಧಾರಣ ಆಟಗಾರನಿಗೆ ಅದೇ 32 ಪರ್ಸೆಂಟ್. ಕೋಟ್ಯಂತರ ಡಾಲರ್ ಸಂಬಳದ ಸ್ಟಾರ್‌ಗೂ ಬೆಂಚಿನಿಂದ ಎದ್ದು ಬಂದವನಿಗೂ, ಖಾಲಿ ಕೈಯಲ್ಲಿ ಮರಳುವ ವಿಷಯದಲ್ಲಿ ನೂರು ದಿನಕ್ಕೆ ಎಂಟು ದಿನದ ವ್ಯತ್ಯಾಸ! ಹೋಮ್ ರನ್, ವಾಕ್ ಎಲ್ಲ ಸೇರಿಸಿದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಒಪ್ಪುತ್ತೇನೆ. ಆದರೂ ಪರಿಣತರು ಕೈಯಾಡಿಸುವ ಜಾಗ ಅಷ್ಟು ಕಿರಿದು. ಎಂಟಕ್ಕೆ ಎಂಟೂ ಸ್ಟಾರ್‌ಗಳನ್ನೇ ಹಾಕಿದರೂ (ಬಜೆಟ್‌ನಲ್ಲಿ ಅದು ಆಗದ ಮಾತು) ಕನಿಷ್ಠ ಒಬ್ಬ ಒಂದೂ ಹಿಟ್ ಇಲ್ಲದೆ ಬರುವ ಸಂಭವ 89 ಪರ್ಸೆಂಟ್.

ಹಾಗಂತ ಪರಿಣತರಿಗೆ ಏನೂ ಗೊತ್ತಿಲ್ಲ ಎಂದಲ್ಲ. ಎಡಗೈ ಪಿಚರ್ ಎದುರು ಸಾಮಾನ್ಯವಾಗಿ ಬಲಗೈ ಬ್ಯಾಟರ್ ಚೆನ್ನಾಗಿ ಆಡುತ್ತಾನೆ. ಶಿಕಾಗೊದ ರಿಗ್ಲೀ ಫೀಲ್ಡ್‌ನಲ್ಲಿ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಮುಖ್ಯ. ಡೆನ್ವರ್‌ನ ಕೂರ್ಸ್ ಫೀಲ್ಡ್ ಇರುವುದು ಸುಮಾರು 1,600 ಮೀಟರ್ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಗಿಂತ ಮುನ್ನೂರು ಮೀಟರ್ ಕೆಳಗೆ ಅಷ್ಟೇ. ತೆಳು ಗಾಳಿಯಲ್ಲಿ ಚೆಂಡು ತಿರುಗುವುದು ಕಡಿಮೆ, ಹೊಡೆದರೆ ದೂರ ಹಾರುತ್ತದೆ. ಇದೆಲ್ಲ ನಿಜವೇ. ತೊಂದರೆ ಏನೆಂದರೆ ಇದು ಎಲ್ಲರಿಗೂ ಗೊತ್ತು. ಆ್ಯಪ್‌ನವರಿಗೂ ಗೊತ್ತು, ಅಲ್ಲಿ ಆಡುವ ಬ್ಯಾಟರ್‌ಗಳ ಬೆಲೆಯನ್ನು ಅವರು ಮೊದಲೇ ಏರಿಸಿರುತ್ತಾರೆ. ಸಲಹೆ ಸರಿಯಾಗಿದ್ದೂ ಲಾಭ ತರುವುದಿಲ್ಲ.

ದೊಡ್ಡ ಟೂರ್ನಮೆಂಟ್‌ಗಳಲ್ಲಿ ಇದು ಇನ್ನೂ ತಮಾಷೆ. ಬಹುಮಾನದ ಹೆಚ್ಚಿನ ಪಾಲು ಮೇಲಿನ ಕೆಲವೇ ಸ್ಥಾನಗಳಿಗೆ ಹೋಗುತ್ತದೆ. ಒಬ್ಬ ಬ್ಯಾಟರ್ ನೂರರಲ್ಲಿ ನಲವತ್ತು ಜನರ ಟೀಮ್‌ನಲ್ಲಿದ್ದರೆ, ಅವನ ಹೋಮ್ ರನ್ ನಲವತ್ತೂ ಜನರನ್ನು ಒಟ್ಟಿಗೇ ಮೇಲೆತ್ತುತ್ತದೆ. ನೀವು ಇದ್ದ ಸಾಲಿನಲ್ಲೇ ಇರುತ್ತೀರಿ. ಗೆಲ್ಲಬೇಕಾದರೆ ಬೇರೆಯವರು ಬಿಟ್ಟವನು ನಿಮ್ಮಲ್ಲಿರಬೇಕು. ಸಾವಿರಾರು ಚಂದಾದಾರರಿಗೆ ‘ಎಲ್ಲರಿಗಿಂತ ಭಿನ್ನವಾಗಿರಿ’ ಎಂದು ಒಂದೇ ಪಟ್ಟಿ ಕಳಿಸುವುದು ಹೇಗೆ ಹೇಳಿ?

2015ರಲ್ಲಿ ಒಂದು ದೊಡ್ಡ ಗಲಾಟೆಯಾಯಿತು. ಅದು ಅಮೆರಿಕನ್ ಫುಟ್‌ಬಾಲ್ ಫ್ಯಾಂಟಸಿಯದ್ದು. ಡ್ರಾಫ್ಟ್‌ಕಿಂಗ್ಸ್‌ನ ನೌಕರನೊಬ್ಬ ಒಂದು ಮಾಹಿತಿಯನ್ನು ಅವಧಿಗೆ ಮುಂಚೆ ಪ್ರಕಟಿಸಿಬಿಟ್ಟ. ಅದೇ ವಾರ ಪ್ರತಿಸ್ಪರ್ಧಿ ಫ್ಯಾನ್‌ಡ್ಯುಯೆಲ್‌ನಲ್ಲಿ 3,50,000 ಡಾಲರ್ ಗೆದ್ದಿದ್ದ. ಟೀಮ್ ಲಾಕ್ ಆದ ಮೇಲಷ್ಟೇ ಅವನಿಗೆ ಮಾಹಿತಿ ಸಿಕ್ಕಿದ್ದು ಎಂದು ಕಂಪನಿ ಹೇಳಿತು. ಆದರೂ ಎರಡೂ ಕಂಪನಿಗಳು ತಮ್ಮ ನೌಕರರು ಆಡದಂತೆ ನಿರ್ಬಂಧ ಹಾಕಬೇಕಾಯಿತು. ಅಷ್ಟಕ್ಕೂ ಆ ಮಾಹಿತಿ ಏನು? ಯಾರು ಚೆನ್ನಾಗಿ ಆಡುತ್ತಾರೆ ಎಂಬುದಲ್ಲ, ಯಾವ ಆಟಗಾರನನ್ನು ಎಷ್ಟು ಪರ್ಸೆಂಟ್ ಜನ ಆರಿಸಿದ್ದಾರೆ ಎಂಬುದು!

ಹಾಗಾದರೆ ಗೆಲ್ಲುವವರು ಇಲ್ಲವೇ? ಇದ್ದಾರೆ. 2015ರ ಬೇಸ್‌ಬಾಲ್ ಸೀಸನ್‌ನ ಮೊದಲರ್ಧವನ್ನು ಮೆಕಿನ್ಸಿ ಕಂಪನಿಯವರು ವಿಶ್ಲೇಷಿಸಿದಾಗ, ಆಟಗಾರರಿಗೆ ಬಂದ ಲಾಭದಲ್ಲಿ 91 ಪರ್ಸೆಂಟ್ ಕೇವಲ 1.3 ಪರ್ಸೆಂಟ್ ಜನರಿಗೆ ಹೋಗಿತ್ತು. ಅಂಥವರ ಬಲ ಇರುವುದು ಒಂದು ಒಳ್ಳೆಯ ಟೀಮ್‌ನಲ್ಲಲ್ಲ. ಸಾಫ್ಟ್‌ವೇರ್ ಇಟ್ಟುಕೊಂಡು ರಾಶಿ ರಾಶಿ ಟೀಮ್ ಹಾಕುತ್ತಾರೆ, ಸಣ್ಣ ಮೇಲುಗೈಯನ್ನು ಸಾವಿರಾರು ಸಲ ಆಡಿಸುತ್ತಾರೆ. ಅವರ ಪಟ್ಟಿಯಿಂದ ಒಂದೇ ಟೀಮ್ ಕಿತ್ತುಕೊಂಡು ಹಾಕಿದವನಿಗೆ ಆ ಮೇಲುಗೈ ಬರುವುದಿಲ್ಲ, ಆ ರಾತ್ರಿಯ ಏರಿಳಿತ ಮಾತ್ರ ಬರುತ್ತದೆ. ಮೇಲಿಂದ ಆ್ಯಪ್‌ನ ಕಮಿಷನ್ ಬೇರೆ. ಇಬ್ಬರು ಹತ್ತತ್ತು ಡಾಲರ್ ಹಾಕಿ ಗೆದ್ದವನಿಗೆ 18 ಸಿಕ್ಕರೆ, ಹಾಕಿದ ದುಡ್ಡು ಉಳಿಯಲಿಕ್ಕೇ ನೂರಕ್ಕೆ 56 ಸಲ ಗೆಲ್ಲಬೇಕು.

ಇನ್ನು ಸ್ಕ್ರೀನ್‌ಶಾಟ್ ವಿಷಯ. ‘ಕಳೆದ ನೂರರಲ್ಲಿ 57 ಗೆಲುವು’ ಎಂದು ಒಬ್ಬ ಹಾಕಿಕೊಂಡರೆ ಬೆರಗಾಗುತ್ತದೆ. ಆದರೆ ನೂರು ಜನ ಕಣ್ಣುಮುಚ್ಚಿ ತಲಾ ನೂರು ಸಲ ನಾಣ್ಯ ಚಿಮ್ಮಿದರೂ ಅವರಲ್ಲಿ ಸುಮಾರು ಹತ್ತು ಮಂದಿಗೆ 57 ಅಥವಾ ಹೆಚ್ಚು ಗೆಲುವು ಬಂದೇ ಬರುತ್ತದೆ. ಉಳಿದ ತೊಂಬತ್ತು ಜನ ಸ್ಕ್ರೀನ್‌ಶಾಟ್ ಹಾಕುವುದಿಲ್ಲ. ಗೆಳೆಯನಿಗೆ ಈ ಲೆಕ್ಕ ತೋರಿಸಿದಾಗ ಅವನು ಕೇಳಿದ್ದು ನ್ಯಾಯವಾದ ಪ್ರಶ್ನೆ: ‘ಹಾಗಾದ್ರೆ ಅಸಲಿ ಎಕ್ಸ್‌ಪರ್ಟ್ ಯಾರು ಅಂತ ಕಂಡುಹಿಡಿಯೋದು ಹೇಗೆ?’

ಪಂದ್ಯಕ್ಕೆ ಮೊದಲೇ ಅವನ ಪ್ರತಿ ಟೀಮನ್ನೂ ಬರೆದಿಟ್ಟುಕೊಳ್ಳಬೇಕು, ಸೋತದ್ದನ್ನೂ ಬಿಡದೆ. ನೂರು ಸಾಲದು, ನಾನೂರಾದರೂ ಬೇಕು. ನಾನೂರು ಸಲದ ಮೇಲೂ 57 ಪರ್ಸೆಂಟ್ ಉಳಿದರೆ ಅದನ್ನು ಅದೃಷ್ಟ ಎನ್ನುವುದು ಕಷ್ಟ. ಆದರೆ ಬೇಸ್‌ಬಾಲ್‌ನಲ್ಲೂ ಒಂದು ಸೀಸನ್‌ಗೆ ಸಿಗುವುದು ಹೆಚ್ಚುಕಡಿಮೆ 180 ರಾತ್ರಿ. ದಿನಕ್ಕೊಂದು ಟೀಮ್ ಎಂದರೆ ಎರಡು ಸೀಸನ್ ದಾಟುತ್ತದೆ. ಅಷ್ಟರಲ್ಲಿ ಆಟವೇ ಬದಲಾಗಬಹುದು. 2023ರಲ್ಲಿ ಪಿಚ್ ಕ್ಲಾಕ್ ಬಂತು, ಬೇಸ್‌ಗಳ ಗಾತ್ರ ದೊಡ್ಡದಾಯಿತು. ಹಿಂದಿನ ವರ್ಷ 2,486 ಇದ್ದ ಬೇಸ್ ಕದಿಯುವಿಕೆ ಒಂದೇ ಸೀಸನ್‌ನಲ್ಲಿ 3,503ಕ್ಕೆ ಏರಿತು. ಹಳೇ ನಿಯಮದಲ್ಲಿ ಪಾಸಾದ ಪರಿಣತನಿಗೆ ಮತ್ತೆ ಹೊಸದಾಗಿ ಪರೀಕ್ಷೆ.

ಅಮೆರಿಕದ ಪರಿಣತರ ಬರಹಗಳಲ್ಲಿ ನನಗೆ ನಿಜಕ್ಕೂ ಉಪಯುಕ್ತ ಎನಿಸಿದ್ದು ಎರಡೇ. ಒಂದು, ಆಡುವವರ ಪಟ್ಟಿ. ಸ್ಟಾರ್‌ಗೆ ವಿಶ್ರಾಂತಿ ಕೊಟ್ಟಿದ್ದು ಗೊತ್ತಾಗದೆ ಹಾಕಿದರೆ ಸೊನ್ನೆ. ಎರಡು, ಮಳೆ. ಆಟ ಬಹಳ ಹೊತ್ತು ನಿಂತರೆ ಮೊದಲು ಎಸೆಯುತ್ತಿದ್ದ ಪಿಚರ್ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ, ಅವನಿಗೆ ಕೊಟ್ಟ ಬೆಲೆ ನೀರುಪಾಲು. ಈ ಎರಡೂ ಭವಿಷ್ಯವಲ್ಲ, ಸುದ್ದಿ. ಚಂದಾ ಇಲ್ಲದೆಯೂ ಸಿಗುತ್ತವೆ.