ಅಜ್ಜನ ಕಲ್ಲುಮನೆ, ಅಪ್ಪನ ಸಿಮೆಂಟು

ಚನ್ನಪಟ್ಟಣದಿಂದ ಕಣ್ವ ಜಲಾಶಯದ ಕಡೆಗೆ ಹೋಗುವಾಗ ಸಿಗುವ ನಮ್ಮ ಹಳ್ಳಿಯಲ್ಲಿ ಅಜ್ಜ ಕಟ್ಟಿಸಿದ ಕಲ್ಲಿನ ಮನೆಯಿದೆ. ಎರಡು ಕೋಣೆ, ಒಂದು ಜಗಲಿ, ಮೇಲೆ ಹೆಂಚು. ಹತ್ತು ವರ್ಷ ಬೀಗ ಹಾಕಿಟ್ಟಿದ್ದೆವು. ಹೋದ ವರ್ಷ ಬಾಗಿಲು ತೆಗೆದರೆ ಒಳಗಿನಿಂದಲೇ ಆಕಾಶ ಕಾಣುತ್ತಿತ್ತು. ತೊಲೆಗೆ ಗೆದ್ದಲು, ಹಿಂದಿನ ಗೋಡೆಯ ಸಂದಿನಲ್ಲಿ ಅರಳಿ ಗಿಡ. ಆ ಗೋಡೆಯೋ, ಹೊಟ್ಟೆ ಬಂದವರ ಹಾಗೆ ಹೊರಕ್ಕೆ ಉಬ್ಬಿತ್ತು.

“ಜೆಸಿಬಿ ಕರೆಸಿದ್ರೆ ಅರ್ಧ ದಿನದ ಕೆಲಸ” ಎಂದರು ಚಿಕ್ಕಪ್ಪ. ಅಜ್ಜಿ ಏನೂ ಹೇಳಲಿಲ್ಲ. ಅಪ್ಪ, ಚಿಕ್ಕಪ್ಪ ಇಬ್ಬರೂ ಹುಟ್ಟಿದ್ದು ಆ ಮನೆಯಲ್ಲೇ.

ಕೆಡವುವ ಮೊದಲು ಒಮ್ಮೆ ತೋರಿಸೋಣವೆಂದು ಪಕ್ಕದೂರಿನ ಹಿರಿಯ ಗಾರೆಯವರೊಬ್ಬರನ್ನು ಕರೆತಂದೆವು. ಅವರು ಕರಣೆಯ ಹಿಡಿಯಿಂದ ಗೋಡೆ ತಟ್ಟುತ್ತಾ ಸುತ್ತು ಹಾಕಿ, “ಕಲ್ಲಿಗೇನೂ ಆಗಿಲ್ಲ ಕಣವ್ವಾ. ಇದಕ್ಕೆ ಸಿಮೆಂಟು ಬಳಿಸ್ದೋರು ಯಾರು?” ಎಂದು ಅಜ್ಜಿಯನ್ನು ಕೇಳಿದರು. ಎಲ್ಲರೂ ಅಪ್ಪನ ಮುಖ ನೋಡಿದೆವು. ಇಪ್ಪತ್ತು ವರ್ಷದ ಹಿಂದೆ, ಮನೆ ಗಟ್ಟಿಯಾಗಲೆಂದು ಸಾಲ ಮಾಡಿ ಪ್ಲಾಸ್ಟರ್ ಮಾಡಿಸಿದ್ದು ಅಪ್ಪನೇ.

ನಮ್ಮ ಸೀಮೆಯ ಕಲ್ಲು ಸಾಮಾನ್ಯದ್ದಲ್ಲ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಅದರಿಂದಲೇ ಭೂವಿಜ್ಞಾನಿಗಳು ಇಲ್ಲಿನ ಬಂಡೆಯನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ! ‘ಶೋಲೆ’ (1975) ಚಿತ್ರದಲ್ಲಿ ಗಬ್ಬರ್ ಸಿಂಗ್ ಓಡಾಡಿದ್ದು ಇಂಥ ಬಂಡೆಗಳ ಮೇಲೆಯೇ. ಆದರೆ ಹಳೆಯ ಮನೆಗಳಲ್ಲಿ ಈ ಕಲ್ಲುಗಳನ್ನು ಕೂರಿಸಿದ್ದು ಕೆಮ್ಮಣ್ಣಿನಲ್ಲಿ. ದೀಪದ ಬತ್ತಿ ಎಣ್ಣೆ ಎಳೆದಂತೆ ಮಣ್ಣು ನೆಲದ ತೇವವನ್ನು ಮೇಲಕ್ಕೆ ಎಳೆಯುತ್ತದೆ. ಸುಣ್ಣದ ಗಾರೆಯಿದ್ದರೆ ಆ ತೇವ ಬಿಸಿಲಿಗೆ ಹೊರಗೆ ಆರಿಹೋಗುತ್ತದೆ. ಸಿಮೆಂಟು ಅದನ್ನು ಸುಲಭಕ್ಕೆ ಬಿಡುವುದಿಲ್ಲ. ಒಳಗಿನ ಮಣ್ಣು ಮೆತ್ತಗಾಗಿ ಕಲ್ಲು ಜಾರುತ್ತದೆ. ನಮ್ಮ ಗೋಡೆ ಉಬ್ಬಿದ್ದು ಹೀಗೆ. ಅರಳಿ ಬೇರು ಉಳಿದದ್ದನ್ನು ಮಾಡಿತ್ತು.

ಮಾರನೆಯ ಬೆಳಿಗ್ಗೆ ಟಕಟಕ ಸದ್ದು ಕೇಳಿ ಹೋಗಿ ನೋಡಿದರೆ, ಅಪ್ಪ ಉಳಿ, ಸುತ್ತಿಗೆ ಹಿಡಿದು ಸಿಮೆಂಟು ಕೀಳುತ್ತಿದ್ದರು. ಯಾರೂ ಏನೂ ಕೇಳಲಿಲ್ಲ. ಚಿಕ್ಕಪ್ಪ ಇನ್ನೊಂದು ಸುತ್ತಿಗೆ ತಂದರು.

ಉಬ್ಬಿದ ಗೋಡೆಯನ್ನು ಬಿಚ್ಚುವ ಮೊದಲು ನನ್ನ ಮಗಳು ಒಂದೊಂದು ಕಲ್ಲಿಗೂ ಸೀಮೆಸುಣ್ಣದಲ್ಲಿ ನಂಬರ್ ಬರೆದಳು. ಎರಡನೆಯ ದಿನದ ಮಳೆಗೆ ಅರ್ಧ ಅಳಿಸಿಹೋಯಿತು. ಆಮೇಲೆ ಬಣ್ಣದ ಡಬ್ಬಿ ಬಂತು.

ಮಕ್ಕಳಿಗೆಲ್ಲ ಹಬ್ಬವಾದದ್ದು ಸುಣ್ಣ ಅರಳಿಸಿದ ದಿನ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಬಿದ್ದದ್ದೇ ತಡ, ಒಲೆಯಿಲ್ಲದೆ ಕೊತಕೊತ ಕುದಿಯಿತು. (ಚಿಮ್ಮಿದರೆ ಕಣ್ಣೇ ಹೋದೀತು. ಎಲ್ಲರನ್ನೂ ಜಗಲಿಯಾಚೆ ನಿಲ್ಲಿಸಿದ್ದೆವು.) ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಡುವಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿರುತ್ತದೆ. ಗೋಡೆಗೆ ಬಳಿದ ಮೇಲೆ ಗಾರೆ ಅದೇ ಅನಿಲವನ್ನು ಗಾಳಿಯಿಂದ ನಿಧಾನವಾಗಿ ಹೀರಿಕೊಂಡು ಮತ್ತೆ ಸುಣ್ಣಕಲ್ಲಾಗುತ್ತದೆ. ಅದಕ್ಕೇ ಅವಸರ ಕೂಡದು. ಗಾರೆಯವರು ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಬೆರೆಸಿ, ತೆಳುವಾಗಿ ಪದರದ ಮೇಲೆ ಪದರ ಬಳಿದರು. ಬೆಲ್ಲದ ವಾಸನೆಗೆ ಊರಿನ ಇರುವೆಗಳೆಲ್ಲ ಬಂದವು.

ಖರ್ಚು? ನಾವು ಅಂದುಕೊಂಡದ್ದಕ್ಕಿಂತ ಹೆಚ್ಚೇ ಆಯಿತು. ತೊಲೆಗಳಲ್ಲಿ ಎರಡನ್ನು ಹೊಸದಾಗಿ ಹಾಕಿಸಬೇಕಾಯಿತು. ಹಳೆಯ ಹೆಂಚಿನಲ್ಲಿ ಚೆನ್ನಾಗಿದ್ದವನ್ನು ಮುಂಭಾಗಕ್ಕೆ ಇಟ್ಟೆವು. ಗೊಂಬೆ ಮಾಡುವ ನೆಂಟರೊಬ್ಬರು ಆಲೆಮರದಲ್ಲಿ ಬಟ್ಟೆ ನೇತುಹಾಕುವ ಗೂಟಗಳನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಕೊಟ್ಟರು. ಅರಳಿ ಗಿಡ ಕಡಿಯಲು ಅಜ್ಜಿ ಬಿಡಲಿಲ್ಲ. ಬೇರುಸಮೇತ ಬಿಡಿಸಿ ಕೆರೆ ಏರಿಯ ಮೇಲೆ ನೆಟ್ಟೆವು.

ಈ ಮಳೆಗಾಲ ಅಜ್ಜಿ ಅಲ್ಲೇ ಮಲಗುತ್ತಿದ್ದಾರೆ. ಅಡುಗೆಮನೆಯ ಮೂಲೆಯಲ್ಲಿ ಮಾತ್ರ ಇನ್ನೂ ತೇವವಿದೆ. ಅಲ್ಲಿ ಒಂದು ಮೊಳದಷ್ಟು ಸಿಮೆಂಟು ಉಳಿದುಬಿಟ್ಟಿದೆ. ಬೇಸಿಗೆಗೆ ಕೀಳುತ್ತೇನೆ ಎಂದು ಅಪ್ಪ ಉಳಿಯನ್ನು ಆ ಗೂಟಕ್ಕೇ ತೂಗುಹಾಕಿದ್ದಾರೆ.