ಉರುಳುವ ಕಲ್ಲುಗಳೂ ಲಂಡನ್ ನಗರವೂ

ಲಂಡನ್ ನಗರದ ಆಕ್ಸ್‌ಫರ್ಡ್ ಬೀದಿಯೆಂದರೆ ಬಟ್ಟೆಬರೆಗಳ, ಬೂಟುಗಳ, ಬೆಡಗಿನ ಸಾಮಾನುಗಳ ಅಂಗಡಿಬೀದಿ. ಅಲ್ಲಿ ಓಡಾಡುವವರು ಅಂಗಡಿಗಳ ಗಾಜಿನ ಕಿಟಕಿಗಳನ್ನು ನೋಡುತ್ತ ನಡೆಯುತ್ತಾರೆಯೇ ಹೊರತು ಕಾಲಕೆಳಗಿನ ನೆಲಮಾಳಿಗೆಗಳನ್ನು ನೆನೆಯುವವರು ವಿರಳ. ಆ ಬೀದಿಯ 165ನೆಯ ಸಂಖ್ಯೆಯ ಕಟ್ಟಡದ ಕೆಳಗೆ ಆಗ ‘ಮಾರ್ಕೀ’ ಎಂಬ ಸಂಗೀತ ಕ್ಲಬ್ಬು ಇತ್ತು. 1962ನೆಯ ಇಸವಿಯ ಜುಲೈ 12ನೆಯ ತಾರೀಖು, ಗುರುವಾರ ರಾತ್ರಿ, ಅಲ್ಲಿ ಕೆಲವು ಮಂದಿ ತರುಣರು ‘ರೋಲಿಂಗ್ ಸ್ಟೋನ್ಸ್’—ಉರುಳುವ ಕಲ್ಲುಗಳು—ಎಂಬ ಹೆಸರಿನಿಂದ ಮೊಟ್ಟಮೊದಲ ಸಲ ವೇದಿಕೆಯನ್ನೇರಿದರು. ಅದೇ ಬೀದಿಯ ಪಶ್ಚಿಮದ ತುದಿಯಲ್ಲಿ ಹೈಡ್ ಪಾರ್ಕ್ ಎಂಬ ವಿಶಾಲವಾದ ಉದ್ಯಾನವಿದೆ. ಅರುವತ್ತು ವರ್ಷ ಕಳೆದ ಮೇಲೆ, 2022ರ ಜೂನ್ 25ರಂದು, ಅದೇ ಮೇಳ ಅದೇ ಹೆಸರಿನಿಂದ ಆ ಬಯಲಿನಲ್ಲಿ ಸಾವಿರಾರು ಜನರ ಎದುರಿಗೆ ಹಾಡಿತು. ನೆಲಮಾಳಿಗೆಯಿಂದ ಬಯಲಿಗೆ ಕಾಲ್ನಡಿಗೆಯಲ್ಲಿ ಅರ್ಧ ಗಂಟೆಯ ದಾರಿ. ಈ ಮೇಳದವರು ಅದನ್ನು ನಡೆದದ್ದು ಬಹಳ ಸುತ್ತುಬಳಸಿನಿಂದ.

ಮಿಕ್ ಜ್ಯಾಗರ್, ಕೀತ್ ರಿಚರ್ಡ್ಸ್ ಇಬ್ಬರೂ ಲಂಡನ್ನಿನ ಪೂರ್ವಕ್ಕಿರುವ ಡಾರ್ಟ್‌ಫರ್ಡ್ ಊರಿನ ಹುಡುಗರು. ಪ್ರಾಥಮಿಕ ಶಾಲೆಯಲ್ಲಿ ಸಹಪಾಠಿಗಳು. ಬೆಳೆದು ಬೇರೆಯಾದವರು 1961ರ ಅಕ್ಟೋಬರಿನಲ್ಲಿ ಅದೇ ಊರಿನ ರೈಲು ನಿಲ್ದಾಣದಲ್ಲಿ ಮತ್ತೆ ಸಂಧಿಸಿದರು. ಜ್ಯಾಗರನ ಕಂಕುಳಲ್ಲಿ ಅಮೆರಿಕದ ನೀಗ್ರೋ ಗಾಯಕರ ಗ್ರಾಮಫೋನ್ ತಟ್ಟೆಗಳಿದ್ದುವು. ಅವೇ ಇಬ್ಬರ ನಡುವೆ ಸೇತುವೆಯಾದುವು. ಅಮೆರಿಕದ ದಕ್ಷಿಣದ ಹತ್ತಿಯ ಹೊಲಗಳಲ್ಲಿ, ದಾಸ್ಯದಿಂದ ಬಿಡುಗಡೆಯಾದರೂ ದಾರಿದ್ರ್ಯದಿಂದ ಬಿಡುಗಡೆಯಾಗದ ಕರಿಯ ಜನ ಕಟ್ಟಿಕೊಂಡ ‘ಬ್ಲೂಸ್’ ಎಂಬ ದುಃಖದ ಹಾಡುಗಳಿಗೆ ಲಂಡನ್ನಿನ ಬಿಳಿಯ ಹುಡುಗರು ಮರುಳಾಗಿದ್ದ ಕಾಲವದು. ಮೇಳದ ಹೆಸರು ಸಹ ಮಡ್ಡಿ ವಾಟರ್ಸ್ ಎಂಬ ಬ್ಲೂಸ್ ಗಾಯಕನ ಒಂದು ಹಾಡಿನಿಂದ ಬಂದದ್ದು. ನಗರದ ಪಶ್ಚಿಮದ ಈಲಿಂಗ್ ಎಂಬಲ್ಲಿ ಅಲೆಕ್ಸಿಸ್ ಕಾರ್ನರ್ ಎಂಬಾತ 1962ರ ಮಾರ್ಚಿಯಲ್ಲಿ ಈ ಸಂಗೀತಕ್ಕಾಗಿಯೇ ಒಂದು ಕ್ಲಬ್ಬು ತೆರೆದ. ಅದೂ ನೆಲಮಾಳಿಗೆಯೇ, ಚಾವಣಿಯಿಂದ ನೀರು ತೊಟ್ಟಿಕ್ಕುತ್ತಿತ್ತಂತೆ. ಅಲ್ಲಿಯೇ ಇವರಿಗೆ ಬ್ರಯನ್ ಜೋನ್ಸನ ಪರಿಚಯವಾಯಿತು. ಜುಲೈ 12ರಂದು ಕಾರ್ನರನ ಮೇಳಕ್ಕೆ ಬಿ.ಬಿ.ಸಿ. ರೇಡಿಯೋದಿಂದ ಕರೆ ಬಂದುದರಿಂದ ಮಾರ್ಕೀ ವೇದಿಕೆ ತೆರವಾಯಿತು. ಆ ತೆರವಿನಲ್ಲಿ ಈ ಹುಡುಗರು ನುಸುಳಿದರು.

ಈ ಕಥೆಯಲ್ಲಿ ಜಗತ್ತು ಅಷ್ಟಾಗಿ ಅರಿಯದ ಒಬ್ಬನಿದ್ದಾನೆ. ಅವನೇ ಪಿಯಾನೋ ವಾದಕ ಇಯಾನ್ ಸ್ಟೂವರ್ಟ್. ಮೇಳ ಕಟ್ಟಬೇಕೆಂದು ಬ್ರಯನ್ ಜೋನ್ಸ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಾಗ ಮೊದಲು ಬಂದವನು ಈತ. ಜ್ಯಾಗರನಿಗಿಂತಲೂ ರಿಚರ್ಡ್ಸನಿಗಿಂತಲೂ ಮುಂಚೆ. ರಾಸಾಯನಿಕ ವಸ್ತುಗಳ ದೊಡ್ಡ ಕಂಪನಿಯೊಂದರಲ್ಲಿ ಗುಮಾಸ್ತನಾಗಿದ್ದುದರಿಂದ ಅವನ ಮೇಜಿನ ಮೇಲಿನ ಟೆಲಿಫೋನೇ ಮೇಳಕ್ಕೆ ಕಚೇರಿಗಳನ್ನು ಗೊತ್ತುಮಾಡುವ ಸಾಧನವಾಯಿತು. ಉಳಿದವರು ಚೆಲ್ಸಿಯ ಈಡಿತ್ ಗ್ರೋವ್ ಎಂಬಲ್ಲಿ ಒಂದು ಹರಕು ಬಾಡಿಗೆ ಮನೆಯಲ್ಲಿದ್ದರು. 1962-63ರ ಚಳಿಗಾಲ ಇಂಗ್ಲೆಂಡಿನಲ್ಲಿ ಕಠೋರವಾದದ್ದು. ಹೊಟ್ಟೆಗೂ ಬೆಂಕಿಗೂ ಸಾಲದ ಸಂಪಾದನೆ. ಆ ಡಿಸೆಂಬರಿನಲ್ಲಿ ಬಾಸ್ ಗಿಟಾರಿನ ಬಿಲ್ ವೈಮನ್ ಬಂದ. ಜನವರಿಯಲ್ಲಿ ಡ್ರಮ್ ವಾದಕ ಚಾರ್ಲಿ ವಾಟ್ಸ್ ಬಂದ. ಫೆಬ್ರುವರಿಯಿಂದ ಪ್ರತಿ ಭಾನುವಾರ ಥೇಮ್ಸ್ ನದಿಯ ದಂಡೆಯ ರಿಚ್‌ಮಂಡಿನಲ್ಲಿ, ರೈಲು ನಿಲ್ದಾಣದ ಎದುರಿನ ಸ್ಟೇಷನ್ ಹೋಟೆಲಿನ ಹಿಂಬದಿಯ ಕೋಣೆಯಲ್ಲಿ ಕಚೇರಿ. ಏಪ್ರಿಲ್ ಹೊತ್ತಿಗೆ ಕೋಣೆ ಎಷ್ಟು ಕಿಕ್ಕಿರಿದಿತ್ತೆಂದರೆ ಸ್ವತಃ ಬೀಟಲ್ಸ್ ಮೇಳದವರೇ ಕೇಳಲು ಬಂದು ಜನರ ನಡುವೆ ನಿಂತರು.

ಅದೇ ತಿಂಗಳು ಆಂಡ್ರೂ ಲೂಗ್ ಓಲ್ಡಮ್ ಎಂಬ ತರುಣ ಮೇಳದ ವ್ಯವಹಾರ ವಹಿಸಿಕೊಂಡ. ವಯಸ್ಸು ಹತ್ತೊಂಬತ್ತು, ಜಾಹೀರಾತಿನ ಬುದ್ಧಿ. ಆರು ಜನ ಹೆಚ್ಚಾಯಿತು, ಸ್ಟೂವರ್ಟನ ಅಗಲವಾದ ದವಡೆಯ ಮುಖ ಛಾಯಾಚಿತ್ರಕ್ಕೆ ಒಗ್ಗದು ಎಂಬುದು ಅವನ ತೀರ್ಪು. ಸ್ಟೂವರ್ಟನನ್ನು ಮೇಳದಿಂದ ಇಳಿಸಲಾಯಿತು. ಬೇರೆ ಯಾರಾದರೂ ಆಗಿದ್ದರೆ ಶಪಿಸಿ ಹೊರಟುಹೋಗುತ್ತಿದ್ದರು. ಆತ ಹೋಗಲಿಲ್ಲ. ಮೇಳದ ವ್ಯಾನು ಓಡಿಸಿದ, ವಾದ್ಯಗಳನ್ನು ಹೊತ್ತ, ವೇದಿಕೆಯನ್ನು ಸಿದ್ಧಮಾಡಿದ. ಧ್ವನಿಮುದ್ರಣವಾಗುವಾಗ ಪಿಯಾನೋ ಬೇಕಾದರೆ ಬಂದು ನುಡಿಸಿ ಹೋದ. ಇದನ್ನು ನಿಷ್ಠೆಯೆನ್ನಬೇಕೋ ಹಠವೆನ್ನಬೇಕೋ ನಿರ್ಧರಿಸುವುದು ಕಷ್ಟ. ಇಪ್ಪತ್ತೆರಡು ವರ್ಷ ಹೀಗೆಯೇ ನಡೆಯಿತು.

ನಮ್ಮ ಸಂಗೀತದಲ್ಲಿ ಪಳಗಿದ ಕಿವಿಗೆ ಇದೆಲ್ಲ ಬರೀ ಗದ್ದಲವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೂ ಇದರಲ್ಲೊಂದು ಸೂಕ್ಷ್ಮವಿದೆ. ರಾಕ್ ಮೇಳಗಳಲ್ಲಿ ಸಾಧಾರಣವಾಗಿ ಡ್ರಮ್ಮಿನವನು ಕಾಲಪ್ರಮಾಣ ಹಿಡಿಯುತ್ತಾನೆ, ಉಳಿದವರು ಅವನನ್ನು ಅನುಸರಿಸುತ್ತಾರೆ. ಇಲ್ಲಿ ಕೀತ್ ರಿಚರ್ಡ್ಸನ ಗಿಟಾರ್ ಮುಂದೆ, ಚಾರ್ಲಿ ವಾಟ್ಸನ ಡ್ರಮ್ ಅದರ ಬೆನ್ನ ಹಿಂದೆ ಕೂದಲೆಳೆಯಷ್ಟು ತಡೆದು. ಆ ತಡವರಿಕೆಯಲ್ಲೇ ಇವರ ಸಂಗೀತದ ಓಲಾಟವಿದೆ. ಪರಸ್ಪರ ಉಸಿರು ಕೇಳುವಷ್ಟು ಹತ್ತಿರ ನಿಂತಾಗ ಇಂಥದು ಚೆನ್ನಾಗಿ ಕೂಡಿಬರುತ್ತದೆ. ಎಪ್ಪತ್ತು ಗಜದ ವೇದಿಕೆಯ ಮೇಲೆ ಕಷ್ಟ. ದೊಡ್ಡ ಬಯಲುಗಳನ್ನು ಗೆದ್ದ ಈ ಮೇಳ ಮತ್ತೆ ಮತ್ತೆ ಲಂಡನ್ನಿನ ಚಿಕ್ಕ ಕೋಣೆಗಳಿಗೆ ಏಕೆ ಮರಳಿತೆಂಬುದಕ್ಕೆ ಕಾರಣ ಇದೇ ಎಂದು ನನಗೆ ತೋರುತ್ತದೆ.

ಚಿಕ್ಕ ಕೋಣೆಗಳ ಕಾಲ ಬಹು ಬೇಗ ಮುಗಿಯಿತು. 1963ರ ಸೆಪ್ಟೆಂಬರಿನಲ್ಲೇ ರಾಯಲ್ ಆಲ್ಬರ್ಟ್ ಹಾಲಿನ ವೇದಿಕೆ. 1966ರ ಸೆಪ್ಟೆಂಬರಿನಲ್ಲಿ ಅದೇ ಹಾಲಿನಲ್ಲಿ ಹುಡುಗಿಯರು ವೇದಿಕೆಗೆ ನುಗ್ಗಿ ಕಚೇರಿ ನಿಲ್ಲುವಂತಾಯಿತು. ಹಿರಿಯರು ಹೌಹಾರಿದರು. 1967ರಲ್ಲಿ ಮಾದಕ ವಸ್ತುಗಳ ಮೊಕದ್ದಮೆಯಲ್ಲಿ ಜ್ಯಾಗರ್, ರಿಚರ್ಡ್ಸ್ ಇಬ್ಬರಿಗೂ ಶಿಕ್ಷೆಯಾಗಿ, ಜೂನ್ 29ರ ರಾತ್ರಿಯನ್ನು ಜ್ಯಾಗರ್ ಬ್ರಿಕ್ಸ್‌ಟನ್ ಸೆರೆಮನೆಯಲ್ಲಿ ಕಳೆದ. ತಪ್ಪಿಗೆ ಮೀರಿದ ಶಿಕ್ಷೆಯೆಂದು ‘ಟೈಮ್ಸ್’ ಪತ್ರಿಕೆಯೇ ಅಗ್ರಲೇಖನ ಬರೆಯಿತು. ಸಂಪ್ರದಾಯಸ್ಥರ ಆ ಪತ್ರಿಕೆ ಹೀಗೆ ಬರೆದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಮೇಲ್ಮನವಿಯಲ್ಲಿ ಇಬ್ಬರೂ ಸೆರೆಯಿಂದ ಪಾರಾದರು.

ಅನಂತರ ಎರಡು ವರ್ಷ ಪೂರ್ಣ ಪ್ರಮಾಣದ ಕಚೇರಿಯೇ ಇರಲಿಲ್ಲ. ಬ್ರಯನ್ ಜೋನ್ಸ್ ಕುಡಿತ, ಮಾದಕಗಳಿಂದ ಜರ್ಜರಿತನಾಗಿದ್ದ. 1969ರ ಜೂನಿನಲ್ಲಿ ಅವನನ್ನು ಮೇಳದಿಂದ ಬಿಡಿಸಿ, ಇಪ್ಪತ್ತು ವರ್ಷದ ಮಿಕ್ ಟೇಲರನನ್ನು ಸೇರಿಸಿಕೊಂಡರು. ಹೊಸಬನನ್ನು ಜನಕ್ಕೆ ಪರಿಚಯಿಸಲು ಜುಲೈ 5ರಂದು ಹೈಡ್ ಪಾರ್ಕಿನಲ್ಲಿ ಉಚಿತ ಕಚೇರಿ ಗೊತ್ತಾಯಿತು. ಎರಡು ದಿನ ಮುಂಚೆ, ಜುಲೈ 3ರಂದು, ಬ್ರಯನ್ ತನ್ನ ಮನೆಯ ಈಜುಕೊಳದಲ್ಲಿ ಶವವಾಗಿದ್ದ. ವಯಸ್ಸು ಇಪ್ಪತ್ತೇಳು.

ಕಚೇರಿ ನಿಲ್ಲಲಿಲ್ಲ. ಎರಡೂವರೆ ಲಕ್ಷಕ್ಕೆ ಕಡಮೆಯಿಲ್ಲದ ಜನ ಬಿಸಿಲಿನಲ್ಲಿ ಹುಲ್ಲಿನ ಮೇಲೆ ಕುಳಿತಿದ್ದರು. ಬಿಳಿಯ ನೆರಿಗೆಯಂಗಿ ತೊಟ್ಟ ಜ್ಯಾಗರ್ ಜನರನ್ನು ಸುಮ್ಮನಿರಿಸಿ, ಗೆಳೆಯನ ನೆನಪಿಗಾಗಿ ಶೆಲ್ಲಿಯ ‘ಅಡೊನೆಯ್ಸ್’ ಕಾವ್ಯದಿಂದ ಕೆಲವು ಪದ್ಯಗಳನ್ನು ಓದಿದ. ಕೀಟ್ಸ್ ಕವಿಯ ಅಕಾಲ ಮೃತ್ಯುವಿಗೆ ಶೆಲ್ಲಿ 1821ರಲ್ಲಿ ಬರೆದ ಚರಮಗೀತೆಯದು. ಕೀಟ್ಸನಿಗೂ ಬ್ರಯನನಿಗೂ ಹೋಲಿಕೆಯೆಲ್ಲಿ ಎಂದು ಪಂಡಿತರು ಮೂಗು ಮುರಿಯಬಹುದು. ಆದರೆ ಸಾವಿನ ಎದುರಿನಲ್ಲಿ ತನ್ನ ಮಾತು ಸಾಲದೆ ಹೋದಾಗ, ಶಾಲೆಯಲ್ಲಿ ಕಲಿತ ಕವಿಯ ಬಾಗಿಲಿಗೇ ಹೋಗಿ ನಿಂತನಲ್ಲ, ಅದು ನನಗೆ ಹಿಡಿಸುತ್ತದೆ. ಓದು ಮುಗಿದ ಮೇಲೆ ಪೆಟ್ಟಿಗೆಗಳಲ್ಲಿ ತಂದಿದ್ದ ಬಿಳಿಯ ಚಿಟ್ಟೆಗಳನ್ನು ಹಾರಿಬಿಟ್ಟರು. ಸೆಕೆಯಿಂದ ಅನೇಕ ಚಿಟ್ಟೆಗಳು ಪೆಟ್ಟಿಗೆಯಲ್ಲೇ ಸತ್ತಿದ್ದುವು. ವಾದನವೂ ಅಂದು ಚೆನ್ನಾಗಿರಲಿಲ್ಲ. ಅಭ್ಯಾಸ ಸಾಲದು, ಗಿಟಾರುಗಳ ಶ್ರುತಿ ಸೇರದು. ಆದರೂ ಲಂಡನ್ನಿನವರು ಮುಖ್ಯವಾಗಿ ನೆನೆಯುವುದು ಈ ಕಚೇರಿಯನ್ನೇ.

ಅದಾದ ಮೇಲೆ ಊರು ಬಿಟ್ಟರು. ಕಾರಣ ಕಾವ್ಯಮಯವಾದುದಲ್ಲ: ಆದಾಯ ತೆರಿಗೆ. 1971ರ ಮಾರ್ಚಿಯಲ್ಲಿ ರೌಂಡ್‌ಹೌಸಿನಲ್ಲೂ, ಆಕ್ಸ್‌ಫರ್ಡ್ ಬೀದಿಯಿಂದ ವಾರ್ಡೂರ್ ಬೀದಿಗೆ ಸ್ಥಳಾಂತರವಾಗಿದ್ದ ಮಾರ್ಕೀಯಲ್ಲೂ ಹಾಡಿ ಫ್ರಾನ್ಸಿಗೆ ಹೊರಟುಹೋದರು. ಅಲ್ಲಿಂದ ಮುಂದೆ ಲಂಡನ್ ಇವರಿಗೆ ತವರುಮನೆಯಂತಾಯಿತು. ಬರುವುದು ಹಬ್ಬಕ್ಕೆ, ಇರುವುದು ನಾಲ್ಕು ದಿನ. ಟೇಲರ್ ಬಿಟ್ಟುಹೋಗಿ ರಾನ್ ವುಡ್ ಬಂದ. 1976ರ ಮೇಯಲ್ಲಿ ಅರ್ಲ್ಸ್ ಕೋರ್ಟ್ ಸಭಾಂಗಣದಲ್ಲಿ ಆರು ರಾತ್ರಿ ಹಾಡಿದರು. 1982ರ ಜೂನಿನಲ್ಲಿ ವೆಂಬ್ಲಿ ಕ್ರೀಡಾಂಗಣ. ವೆಂಬ್ಲಿಯೆಂದರೆ ಚಾರ್ಲಿ ವಾಟ್ಸನ ಬಾಲ್ಯದ ಊರು. ಜರ್ಮನರ ಬಾಂಬುಗಳಿಂದ ಮನೆಗಳು ನೆಲಸಮವಾಗಿದ್ದ ಆ ಬಡಾವಣೆಯಲ್ಲಿ ಸರ್ಕಾರ ಕಟ್ಟಿಕೊಟ್ಟ ತಾತ್ಕಾಲಿಕ ಮನೆಯೊಂದರಲ್ಲಿ ಲಾರಿ ಚಾಲಕನ ಮಗನಾಗಿ ಬೆಳೆದವನು ಆತ.

ಆ ವೆಂಬ್ಲಿಗೆ ಮುನ್ನ, ಮೇ 31ರಂದು, ಆಕ್ಸ್‌ಫರ್ಡ್ ಬೀದಿಯ 100ನೆಯ ಸಂಖ್ಯೆಯ ಕಟ್ಟಡದ ನೆಲಮಾಳಿಗೆಯ ‘100 ಕ್ಲಬ್ಬಿ’ನಲ್ಲಿ ಮುನ್ಸೂಚನೆಯಿಲ್ಲದೆ ಹಾಡಿದರು. ಮೊದಲ ವೇದಿಕೆಯ ಬೀದಿಯೇ ಅದು. ಆಮೇಲೆ ಜ್ಯಾಗರ್-ರಿಚರ್ಡ್ಸರ ನಡುವೆ ಮನಸ್ತಾಪ ಹುಟ್ಟಿತು. ಒಬ್ಬರ ಮುಖ ಒಬ್ಬರು ನೋಡಲೊಲ್ಲರು. 1985ರ ಡಿಸೆಂಬರ್ 12ರಂದು ಇಯಾನ್ ಸ್ಟೂವರ್ಟ್ ವೈದ್ಯರನ್ನು ಕಾಣಲು ಹೋಗಿ, ಸರದಿಗಾಗಿ ಕುಳಿತಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು ನಲವತ್ತೇಳು. 1986ರ ಫೆಬ್ರುವರಿ 23ರ ರಾತ್ರಿ ಮೇಳದವರೆಲ್ಲ ಜಗಳವನ್ನು ಬದಿಗಿಟ್ಟು ಅದೇ 100 ಕ್ಲಬ್ಬಿನಲ್ಲಿ ಅವನ ನೆನಪಿಗಾಗಿ ಹಾಡಿದರು. ಎರಿಕ್ ಕ್ಲಾಪ್ಟನ್, ಜೆಫ್ ಬೆಕ್, ಪೀಟ್ ಟೌನ್ಸೆಂಡ್ ಮೊದಲಾದವರೂ ಜೊತೆಗೂಡಿದರು. 1982ರ ಬೇಸಗೆಯಿಂದ 1989ರವರೆಗೆ ಮೇಳ ಒಂದಾಗಿ ಜನರೆದುರು ನಿಂತದ್ದು ಆ ಒಂದೇ ರಾತ್ರಿ. ಛಾಯಾಚಿತ್ರಕ್ಕೆ ಒಗ್ಗದ ಮುಖದವನು ಸತ್ತ ಮೇಲೆ, ಅವನಿಗೊಪ್ಪುವ ಅಳತೆಯ ಕೋಣೆಯಲ್ಲಿ, ಅವನಿಗೆ ಪ್ರಿಯವಾಗಿದ್ದ ಬ್ಲೂಸನ್ನೇ ನುಡಿಸಿದರು. ಇವರ ಲಂಡನ್ ಕಚೇರಿಗಳಲ್ಲಿ ಒಂದನ್ನು ಕೇಳುವ ಅವಕಾಶ ಸಿಕ್ಕೀತೆಂದರೆ ನಾನು ಆರಿಸುವುದು ಇದನ್ನು.

ಮುಂದಿನದು ವೈಭವದ ಕಾಲ. 1990ರ ಆಗಸ್ಟ್ 25ರಂದು ವೆಂಬ್ಲಿಯಲ್ಲಿ ಹಾಡಿದ್ದು ಬಿಲ್ ವೈಮನ್ ಮೇಳದ ಸದಸ್ಯನಾಗಿ ನುಡಿಸಿದ ಕೊನೆಯ ಕಚೇರಿ. 1995ರ ಜುಲೈ 19ರಂದು ಬ್ರಿಕ್ಸ್‌ಟನ್ ಅಕಾಡೆಮಿ. ಜ್ಯಾಗರ್ ಇಪ್ಪತ್ತೆಂಟು ವರ್ಷಗಳ ಹಿಂದೆ ರಾತ್ರಿ ಕಳೆದ ಸೆರೆಮನೆ ಅಲ್ಲಿಗೆ ಒಂದೆರಡು ಮೈಲಿಯ ಒಳಗೇ ಇದೆ. 1998ರಲ್ಲಿ ಮತ್ತೆ ತೆರಿಗೆಯ ಕಾಟದಿಂದ ಇಂಗ್ಲೆಂಡಿನ ಕಚೇರಿಗಳನ್ನು ಒಂದು ವರ್ಷ ಮುಂದಕ್ಕೆ ಹಾಕಿದರು. ಟಿಕೆಟ್ಟು ಕೊಂಡ ಅಭಿಮಾನಿಗಳು ಗೊಣಗಿದ್ದು ಸಹಜವೇ. 2003ರ ಪ್ರವಾಸ ಕನ್ನಡಿಗರಿಗೂ ಸಂಬಂಧಿಸಿದ್ದು. ಆ ವರ್ಷದ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದ ಮೇಳ, ಮುಂಬಯಿಯಲ್ಲೂ ಹಾಡಿ, ಆಗಸ್ಟಿನಲ್ಲಿ ಲಂಡನ್ ಸೇರಿತು. ಅಲ್ಲಿ ಹಾಡಿದ್ದು ಟ್ವಿಕನಮ್ಮಿನ ರಗ್ಬಿ ಮೈದಾನದಲ್ಲಿ. ಹೊಳೆ ದಾಟಿದರೆ ಎರಡು ಮೈಲಿಯಷ್ಟು ದೂರದಲ್ಲಿ ರಿಚ್‌ಮಂಡಿನ ಆ ಹಳೆಯ ಹಿಂಬದಿಯ ಕೋಣೆ! ಅದೇ ವಾರದಲ್ಲಿ ಆಸ್ಟೋರಿಯಾ ಎಂಬ ಸಾಧಾರಣ ರಂಗಮಂದಿರದಲ್ಲೂ ಹಾಡಿದರು. ಅದನ್ನು 2009ರಲ್ಲಿ ಹೊಸ ರೈಲುದಾರಿಗಾಗಿ ಕೆಡವಿದರು. ಹಳೆಯ ವೆಂಬ್ಲಿಯೂ ಇಲ್ಲ, ಅರ್ಲ್ಸ್ ಕೋರ್ಟೂ ಇಲ್ಲ. ಸಾಮಾನ್ಯವಾಗಿ ಮಂಟಪ ಉಳಿಯುತ್ತದೆ, ಗಾಯಕ ಹೋಗುತ್ತಾನೆ. ಇವರ ವಿಷಯದಲ್ಲಿ ಅದು ತಿರುಗುಮುರುಗು.

2012ರ ನವೆಂಬರಿನಲ್ಲಿ ಐವತ್ತನೆಯ ವರ್ಷದ ಕಚೇರಿ ‘ಓ-ಟು’ ಸಭಾಂಗಣದಲ್ಲಿ ನಡೆದಾಗ ಟಿಕೆಟ್ಟಿನ ಬೆಲೆಯ ಬಗ್ಗೆ ಕೂಗೆದ್ದಿತು. ಅತಿ ಅಗ್ಗದ ಸ್ಥಳಕ್ಕೇ ನೂರು ಪೌಂಡಿನ ಸಮೀಪ. ಕೂಗು ನ್ಯಾಯವಾದುದೇ. ಹತ್ತಿ ಹೊಲದ ಕೂಲಿಯವನ ಹಾಡನ್ನು ಕೇಳಲು ಕೂಲಿಯವನಿಗೆ ಎಟುಕದ ಬೆಲೆ! 2013ರ ಜುಲೈಯಲ್ಲಿ ಹೈಡ್ ಪಾರ್ಕಿಗೆ ಮರಳಿದರು. ನಲವತ್ತನಾಲ್ಕು ವರ್ಷಗಳ ಹಿಂದೆ ಹಣವಿಲ್ಲದೆ ಬಂದು ಕುಳಿತ ಬಯಲಿಗೆ ಈ ಸಲ ಬೇಲಿ, ಬಾಗಿಲು, ಟಿಕೆಟ್ಟು. ಅಂದು ಹೊಸಬನಾಗಿದ್ದ ಮಿಕ್ ಟೇಲರ್ ಅತಿಥಿಯಾಗಿ ಬಂದು ನುಡಿಸಿದ. ತಲೆ ನರೆತಿತ್ತು, ಮೈ ದಪ್ಪವಾಗಿತ್ತು, ಬೆರಳು ಮಾತ್ರ ಹಾಗೆಯೇ ಇದ್ದುವು.

ಚಾರ್ಲಿ ವಾಟ್ಸ್ 2018ರಲ್ಲಿ ಲಂಡನ್ ಸ್ಟೇಡಿಯಮ್ಮಿನಲ್ಲೂ ಟ್ವಿಕನಮ್ಮಿನಲ್ಲೂ ನುಡಿಸಿದ; ತನ್ನ ಊರಿನಲ್ಲಿ ಮೇಳದೊಡನೆ ಅವನ ಕೊನೆಯ ಕಚೇರಿಗಳು ಅವು. 2021ರ ಆಗಸ್ಟ್ 24ರಂದು, ಎಂಬತ್ತನೆಯ ವಯಸ್ಸಿನಲ್ಲಿ, ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ. ಐವತ್ತೆಂಟು ವರ್ಷ ಒಂದೇ ಮೇಳ, ಒಂದೇ ಆಸನ. ಮರುವರ್ಷ ಹೈಡ್ ಪಾರ್ಕಿನಲ್ಲಿ ಕಚೇರಿ ಆರಂಭವಾಗುವ ಮುನ್ನ ದೊಡ್ಡ ತೆರೆಗಳ ಮೇಲೆ ಅವನ ಚಿತ್ರಗಳು ಮೂಡಿದುವು. ಈ ಸಲ ಪದ್ಯ ಓದಲಿಲ್ಲ, ಚಿಟ್ಟೆ ಹಾರಿಸಲಿಲ್ಲ. ಚಿತ್ರಗಳು ಮುಗಿದುವು, ಡ್ರಮ್ಮಿನ ಹಿಂದೆ ಕುಳಿತಿದ್ದ ಸ್ಟೀವ್ ಜಾರ್ಡನ್ ಕೋಲುಗಳನ್ನೆತ್ತಿಕೊಂಡ, ಎಪ್ಪತ್ತೆಂಟು ವರ್ಷದ ಜ್ಯಾಗರ್ ವೇದಿಕೆಯ ಮುಂಭಾಗಕ್ಕೆ ಓಡಿಬಂದ.