ಕರಿ ಕುರಿ ಹೋದರೆ ರಾಟೆಗೆ ಗತಿ ಏನು?

ಚಳ್ಳಕೆರೆ ಕಂಬಳಿ ಗೊತ್ತಿಲ್ಲದವರು ಯಾರು? ಆದರೆ ಅದರ ನೂಲು ಎಂಥ ಕುರಿಯ ಮೈಮೇಲಿಂದ ಬಂತೆಂದು ಕೇಳಿ ನೋಡಿ. ‘ಕುರಿ ಅಂದ್ರೆ ಕುರಿ, ಅದರಲ್ಲೇನ್ರೀ ಜಾತಿ?’ ಅನ್ನುವವರೇ ಹೆಚ್ಚು. ರಾಟೆ ಮುಂದೆ ಕೂತ ಹೆಂಗಸಿಗೆ ಮಾತ್ರ ಆ ವ್ಯತ್ಯಾಸ ಬೆರಳ ತುದಿಯಲ್ಲೇ ಗೊತ್ತು.

ಬನ್ನೂರು ಕುರಿ ಬಾಡಿಗೆ ಹೆಸರುವಾಸಿ. ಮೈಮೇಲಿರುವುದು ಗಿಡ್ಡ ಒರಟು ಕೂದಲು. ಹೊಸೆದರೆ ಎಳೆ ನಿಲ್ಲದು. ರಾಯಚೂರು, ಕೊಪ್ಪಳ ಕಡೆಯ ಕೆಂಗುರಿಯದೂ ಅದೇ ಕಥೆ. ನೆಲ್ಲೂರು ಕುರಿಯಂತೂ ಆಡಿನ ತಮ್ಮ! ರಾಟೆಗೆ ಒದಗುವುದು ನಮ್ಮ ಬಯಲುಸೀಮೆಯ ದಖನಿ ಮತ್ತು ಬಳ್ಳಾರಿ ತಳಿಗಳ ತುಪ್ಪಟ.

ಅದೇನೂ ರೇಷ್ಮೆಯಲ್ಲ. ವಿದೇಶಿ ಮೆರಿನೊ ಉಣ್ಣೆಯ ಎಳೆ ಸುಮಾರು 20 ಮೈಕ್ರಾನ್ ದಪ್ಪ. ದಖನಿಯದು ಅದರ ಎರಡು ಪಟ್ಟಿಗೂ ಮಿಕ್ಕಿ. ಹಾಗಾಗಿಯೇ ಸ್ವೆಟರಿಗೆ ಬಾರದು, ಮೈಗೆ ಚುಚ್ಚುತ್ತೆ. ಆದರೆ ಹೊಲದಲ್ಲಿ ಹಾಸಿ, ಮಳೆಯಲ್ಲಿ ಕೊಪ್ಪೆ ಹಾಕಿ, ವರ್ಷಗಟ್ಟಲೆ ಬಾಳಿಸಬೇಕಾದರೆ ಈ ಒರಟೇ ಬೇಕು. ಕರಿ ಕುರಿಯಾದರೆ ಬಣ್ಣದ ಖರ್ಚೂ ಇಲ್ಲ. ಮರಿಯ ಮೊದಲ ಕತ್ತರಿಯ ತುಪ್ಪಟ ಎಲ್ಲಕ್ಕಿಂತ ಮೃದು. ಬಲ್ಲವರು ಅದನ್ನು ಬೇರೆಯೇ ಎತ್ತಿಡುತ್ತಾರೆ.

ವರ್ಷಕ್ಕೆ ಎರಡು ಸಲ ಕುರಿಯನ್ನು ಹಳ್ಳದಲ್ಲಿ ಮೀಯಿಸಿ ತುಪ್ಪಟ ಕತ್ತರಿಸುವುದು ವಾಡಿಕೆ. ಎರಡೂ ಸಲದ್ದು ಸೇರಿಸಿ ತೂಗಿದರೂ ಒಂದು ಕುರಿಯಿಂದ ಕಿಲೋ ತುಂಬುವುದು ಕಷ್ಟ. ಬಣ್ಣ ನೋಡಿ ಬೇರೆ ಮಾಡಬೇಕು, ಹಿಂಜಬೇಕು, ಹಂಜಿ ಮಾಡಬೇಕು, ನೂಲಬೇಕು. ಹಾಸಿಗೆ ಹುಣಸೆ ಬೀಜದ ಗಂಜಿ ಹಾಕಿ ಬಿಸಿಲಿಗೆ ಒಣಗಿಸಿದ ಮೇಲೆಯೇ ಮಗ್ಗದ ಮಾತು. ಇಷ್ಟೆಲ್ಲ ದುಡಿಮೆಯಲ್ಲಿ ನೂಲುವವಳ ಕೈಗೆ ಸಿಗುವ ಪಾಲು ಅತಿ ಸಣ್ಣದು.

ಈಗ ಬಂದಿರುವ ಕುತ್ತು ಬೇರೆ. ಹಿಂದೆ ತುಪ್ಪಟ ಮಾರಿ ಕುರಿಗಾಹಿ ನಾಲ್ಕು ಕಾಸು ಕಾಣುತ್ತಿದ್ದ. ಈಗ ಎಷ್ಟೋ ಕಡೆ ಕತ್ತರಿಸುವ ಕೂಲಿಯೂ ಹುಟ್ಟುವುದಿಲ್ಲ. ಕತ್ತರಿಸಿದ್ದು ಹೊಲದ ಬದುವಿಗೆ ಬೀಳುತ್ತದೆ. ದುಡ್ಡಿರುವುದು ಮಾಂಸದಲ್ಲಿ. ಆದ್ದರಿಂದ ಮಂದೆಗೆ ತುಪ್ಪಟವಿಲ್ಲದ ಕೆಂಪು ಟಗರು ಬಿಡುತ್ತಾರೆ. ಎರಡು ಮೂರು ತಲೆಮಾರಿನಲ್ಲಿ ಮರಿಗಳ ಮೈ ಬೋಳಾಗುತ್ತದೆ. ಕುರಿಗಾಹಿಯನ್ನು ದೂರಿ ಫಲವಿಲ್ಲ, ಹೊಟ್ಟೆ ಅವನಿಗೂ ಇದೆ. ಮೇಯಿಸುವ ಗೋಮಾಳವೇ ಕರಗುತ್ತಿರುವಾಗ ಅವನಾದರೂ ಏನು ಮಾಡಿಯಾನು? ತುಪ್ಪಟವನ್ನು ಒಟ್ಟು ಗಂಟಿನ ಲೆಕ್ಕದಲ್ಲಿ ಕೊಳ್ಳುವುದು ಬಿಟ್ಟು ಮರಿಯದು, ಕರಿಯದು, ಉದ್ದ ಎಳೆಯದು ಎಂದು ಬಿಡಿಸಿ ಬೆಲೆ ಕಟ್ಟಿದರೆ ಕರಿ ಟಗರು ಉಳಿದೀತು. ಆ ಕೆಲಸ ಸಹಕಾರ ಸಂಘಗಳದ್ದು, ಸರ್ಕಾರದ್ದು.

ಮದುವೆ ಮನೆಯ ಗದ್ದುಗೆಗೆ, ಬೀರದೇವರ ಪೂಜೆಗೆ ಇವತ್ತಿಗೂ ಕೈನೂಲಿನ ಕರಿ ಕಂಬಳಿಯೇ ಆಗಬೇಕು. ಹೊದೆಯಲು ಮಾತ್ರ ಪಾಣಿಪತ್ತಿನ ಅಗ್ಗದ ರಗ್ಗು! ಸಂಶಯ ಬಂದವರು ಅಂಚಿನ ಒಂದೆಳೆ ಕಿತ್ತು ಬೆಂಕಿ ಕಡ್ಡಿ ತೋರಿಸಲಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ಬೆರಕೆ ದಾರವಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯವರನ್ನು ಕೇಳಿಯೇ ಕೀಳಿ.